ನಮ್ಮದೂ ಒಂದು ಮಡಿ

ಮಡಿ ಎಂಬ ಮಾತಿಗೆ ನಮ್ಮ ಭಾಷೆಯಲ್ಲಿ ಎರಡು ಅರ್ಥ ಇವೆ. ಒಂದು, ಸೊಪ್ಪಿನ ಮಡಿ. ಗುದ್ದಲಿಯಿಂದ ಅಗೆದು, ಹೆಂಟೆ ಒಡೆದು, ಗೊಬ್ಬರ ಬೆರೆಸಿ, ಸುತ್ತ ಬದು ಕಟ್ಟಿದ ಮಣ್ಣಿನ ತುಂಡು. ಇನ್ನೊಂದು, ಒದ್ದೆ ಪಂಚೆಯ ಮಡಿ. ಮುಟ್ಟಬೇಡ, ದೂರ ನಿಲ್ಲು ಎನ್ನುವ ಮಡಿ. ಮೊದಲನೆಯದನ್ನು ಕಟ್ಟಿದವರು ನಾವು. ಎರಡನೆಯದರಿಂದ ಹೊರಗೆ ನಿಂತವರೂ ನಾವೇ. ನಾವು ಬೆಳೆದ ಸೊಪ್ಪಿನ ಮೇಲೆ ನಾಲ್ಕು ಹನಿ ನೀರು ಚಿಮುಕಿಸಿದರೆ ಅದು ಅಡಿಗೆಮನೆಗೆ ಹೋಗುತ್ತಿತ್ತು. ಬೆಳೆದ ಕೈ ಮಾತ್ರ ಎಷ್ಟು ತೊಳೆದರೂ ಹೊಸ್ತಿಲಾಚೆಯೇ.

ಮೈಸೂರಿನ ಜಯಲಕ್ಷ್ಮಿಪುರಂನಲ್ಲಿ ಈಗ ನಮಗೊಂದು ಮಡಿ ಸಿಕ್ಕಿದೆ. ನಾಲ್ಕು ಅಡಿ ಅಗಲ, ಹತ್ತು ಅಡಿ ಉದ್ದ. ಹಲವರು ಸೇರಿ ಮಾಡುವ ತೋಟದಲ್ಲಿ ನಮ್ಮ ಪಾಲಿನದು. ಅದರ ಕತೆಗೆ ಮುಂಚೆ ಅದು ಇರುವ ಜಾಗದ ಕತೆ ಹೇಳಬೇಕು.

ಮೈಸೂರಿನ ಹಳೆಯ ಬಡಾವಣೆಗಳಲ್ಲಿ ಮನೆಗಳ ಮುಂದೆ ರಸ್ತೆ, ಹಿಂದೆ ಕನ್ಸರ್ವೆನ್ಸಿ. ಹತ್ತೊಂಬತ್ತನೆಯ ಶತಮಾನದ ಕೊನೆಗೆ ಪ್ಲೇಗು ಬಂದು ಈ ಊರು ನಲುಗಿತು. 1903ರಲ್ಲಿ ಸಿಟಿ ಇಂಪ್ರೂವ್‌ಮೆಂಟ್ ಟ್ರಸ್ಟ್ ಬೋರ್ಡು ಹುಟ್ಟಿತು. ಆಮೇಲೆ ನೇರ ರಸ್ತೆ, ಗಾಳಿ ಬೆಳಕು ಇರುವ ಸೈಟುಗಳ ಬಡಾವಣೆಗಳು ಒಂದೊಂದಾಗಿ ಎದ್ದವು. ಮೈಸೂರಿನ ಅಂದ ಹೊಗಳುವವರು ಮುಂದಿನ ರಸ್ತೆಯನ್ನು ಹೊಗಳುತ್ತಾರೆ. ಹಿಂದಿನ ಗಲ್ಲಿಯನ್ನು ಯಾಕೆ ಬಿಟ್ಟರು ಅನ್ನೋದನ್ನು ನಮಗೆ ಯಾವ ಮೇಷ್ಟ್ರೂ ಪಾಠದಲ್ಲಿ ಹೇಳಲಿಲ್ಲ. ಕಕ್ಕಸು ಬಾಚುವವರು ಮುಂದಿನ ಬಾಗಿಲಿಗೆ ಬರಬಾರದು, ಬಕೆಟ್ಟು ಹೊತ್ತವರು ಮನೆಯವರ ಕಣ್ಣಿಗೆ ಬೀಳಬಾರದು. ಅದಕ್ಕೆ ಆ ಗಲ್ಲಿ. ಹಳ್ಳಿಯಲ್ಲಿ ಊರಿಗೂ ಕೇರಿಗೂ ನಡುವೆ ಇದ್ದ ಗೆರೆಯನ್ನು ಇಲ್ಲಿ ಇಂಜಿನಿಯರುಗಳು ನಕ್ಷೆಯಲ್ಲಿ ಸ್ಕೇಲಿಟ್ಟು ಎಳೆದರು.

ದೇವರಾಜ ಅರಸರ ಸಂಪುಟದಲ್ಲಿ ಪೌರಾಡಳಿತ ಮಂತ್ರಿಯಾಗಿದ್ದ ಬಿ. ಬಸವಲಿಂಗಪ್ಪನವರು 1970ರ ದಶಕದಲ್ಲಿ ಈ ರಾಜ್ಯದಲ್ಲಿ ತಲೆಯ ಮೇಲೆ ಮಲ ಹೊರುವುದನ್ನು ನಿಷೇಧಿಸಿದರು. ಇಡೀ ದೇಶಕ್ಕೆ ಕಾನೂನು ಬರಲು 1993 ಆಗಬೇಕಾಯಿತು. ಅದೂ ಸಾಲದೆ 2013ರಲ್ಲಿ ಇನ್ನೊಂದು ಕಾನೂನು ಬಂತು. ನಡುವೆ 2010ರಲ್ಲಿ ಸವಣೂರಿನಲ್ಲಿ ಭಂಗಿ ಸಮುದಾಯದವರು ಪುರಸಭೆಯ ಮುಂದೆ ಮೈಮೇಲೆ ಮಲ ಸುರಿದುಕೊಂಡು ತಮ್ಮ ಇರುವಿಕೆಯನ್ನು ಸರ್ಕಾರಕ್ಕೆ ತೋರಿಸಬೇಕಾಯಿತು.

ಮೈಸೂರಿಗೆ ಒಳಚರಂಡಿ ಬಂದ ಮೇಲೆ ಕನ್ಸರ್ವೆನ್ಸಿಗೆ ಕೆಲಸ ಉಳಿಯಲಿಲ್ಲ. ಕೆಲವನ್ನು ಅಕ್ಕಪಕ್ಕದವರು ಕಾಂಪೌಂಡಿನ ಒಳಗೆ ಸೇರಿಸಿಕೊಂಡರು. ಕೆಲವು ಕಸದ ಗುಂಡಿಯಾದವು. ಅಂಥ ಒಂದು ಗಲ್ಲಿಯ ಎರಡೂ ಬದಿಯ ಮನೆಯವರು ಸೇರಿ, ಕಸ ತೆಗೆಸಿ, ಹದಿನೆಂಟು ಮಡಿ ಗುರುತು ಹಾಕಿದರು. ಜಾಗ ನಗರಪಾಲಿಕೆಯದು. ಯಾರಿಗೂ ಪಟ್ಟಾ ಇಲ್ಲ, ಖಾತೆ ಇಲ್ಲ. ಒಂದು ಬೆಳೆಯಿಂದ ಇನ್ನೊಂದು ಬೆಳೆಯವರೆಗೆ, ಮಾಡುವವರಿಗೆ ಮಡಿ. ಈ ನಿಯಮ ನಮಗೆ ಬಹಳ ಹಿಡಿಸಿತು.

ನಾವು ಅಂದರೆ ಪಕ್ಕದ ಪಡುವಾರಹಳ್ಳಿಯಲ್ಲಿ ಒಂದು ಬಾಡಿಗೆ ರೂಮಿನಲ್ಲಿರುವ ಮೂವರು. ಮೂವರ ಮನೆಯಲ್ಲೂ ಹೈಸ್ಕೂಲು ದಾಟಿದವರಲ್ಲಿ ನಾವೇ ಮೊದಲಿಗರು. ಒಬ್ಬ ಗಂಗೋತ್ರಿಯಲ್ಲಿ ಎಂ.ಎ. ಓದುತ್ತಾನೆ, ಒಬ್ಬ ಕೆಲಸ ಹುಡುಕುತ್ತಾನೆ, ಒಬ್ಬ ಪದ್ಯ ಬರೆಯುತ್ತಾ ಮನೆಪಾಠ ಹೇಳುತ್ತಾನೆ. ಮನೆಪಾಠದ ಒಂದು ಮನೆಯ ಅಜ್ಜಿ ರಿಟೈರ್ಡ್ ಟೀಚರ್. ಅವರ ಪಾಲಿಗೆ ಒಂದು ಮಡಿ ಬಂದಿತ್ತು, ಮಂಡಿನೋವಿನಿಂದ ಬಗ್ಗಲು ಆಗುತ್ತಿರಲಿಲ್ಲ. 'ನೀವು ಹುಡುಗ್ರು ಮಾಡ್ಕೊಳ್ರಪ್ಪ, ಮಣ್ಣು ಸುಮ್ನೆ ಬಿದ್ದಿರಬಾರದು' ಅಂದರು. ಹೀಗೆ ಹೆಸರು ಅವರದು, ಗೆಯ್ಮೆ ನಮ್ಮದು ಎಂದಾಯಿತು. ನಮ್ಮ ಜನಕ್ಕೆ ಈ ಲೆಕ್ಕ ಹೊಸದಲ್ಲ.

ಊರಿಗೆ ಹೋದಾಗ ಈ ಸುದ್ದಿ ಹೇಳಿದೆವು. ನಮ್ಮಲ್ಲೊಬ್ಬನ ಅವ್ವ ಸೌದೆ ಊದುತ್ತಿದ್ದವಳು ತಲೆ ಎತ್ತಿ ನೋಡಿದಳು. 'ಏನ್ಲಾ ಮಗ, ಗುದ್ಲಿ ಹಿಡೀಬ್ಯಾಡ ಅಂತ್ಲೇ ನಿನ್ನ ಇಸ್ಕೂಲಿಗೆ ಕಳ್ಸಿದ್ದು. ಬೀಯೆ ಮಾಡ್ಕಂಡು ಮೈಸೂರ್ಗೆ ಹೋಗಿ ತಿರ್ಗಾ ಗುದ್ಲಿ ಹಿಡ್ಕಂಡಿದ್ದೀಯಲ್ಲಾ?' ನಮಗೆ ತಕ್ಷಣ ಉತ್ತರ ಹೊಳೆಯಲಿಲ್ಲ. ಅವ್ವಂದಿರ ಈ ಪ್ರಶ್ನೆಯನ್ನು ಮೀರಿ ತೋಟಗಾರಿಕೆಯ ಸುಖದ ಬಗ್ಗೆ ಬರೆಯುವವರನ್ನು ನಾವು ನಂಬುವುದಿಲ್ಲ. ಮಣ್ಣು ತಾಯಿ ಎಂದು ಹಾಡುವವರು ಒಂದು ದಿನವಾದರೂ ಪರರ ಗದ್ದೆಯಲ್ಲಿ ನಾಟಿಗೆ ಬಗ್ಗಿರಬೇಕು. ಕೈ ಕೆಸರಾದರೆ ಬಾಯಿ ಮೊಸರು ಎಂಬ ಗಾದೆಯಲ್ಲಿ ಕೈ ನಮ್ಮದಾಗಿತ್ತು, ಬಾಯಿ ಬೇರೆಯವರದಾಗಿತ್ತು.

ಅವ್ವ ಹಾಗೆ ಕೇಳುವುದಕ್ಕೆ ಕಾರಣ ಇದೆ. 1974ರ ಭೂಸುಧಾರಣೆ ತಿದ್ದುಪಡಿ ಬಂದು ಉಳುವವನೇ ಹೊಲದೊಡೆಯ ಎಂದಾಗ, ಏಳನೇ ನಮೂನೆ ತುಂಬಿ ಭೂನ್ಯಾಯ ಮಂಡಳಿಗೆ ಕೊಟ್ಟವರು ಗೇಣಿದಾರರು. ನಮ್ಮವರು ಗೇಣಿದಾರರೂ ಆಗಿರಲಿಲ್ಲ. ಕೂಲಿ, ಜೀತ. ಕೂಲಿಯವನು ತುಂಬಲು ನಮೂನೆಯೇ ಇರಲಿಲ್ಲ. ಅದೇ ಅವ್ವನ ಮಾವನಿಗೆ ಸರ್ಕಾರ ಎರಡು ಎಕರೆ ದರಖಾಸ್ತು ಕೊಟ್ಟಿತ್ತು, ಪರಭಾರೆ ಮಾಡಬಾರದು ಎಂಬ ಷರತ್ತಿನ ಮೇಲೆ. ಮಗಳ ಮದುವೆಗೆ ಅದು ಭೋಗ್ಯಕ್ಕೆ ಹೋಯಿತು. ಭೋಗ್ಯ ಎಂದು ಒತ್ತಿದ ಹೆಬ್ಬೆಟ್ಟು ಆಮೇಲೆ ಕ್ರಯಪತ್ರ ಎಂದು ಗೊತ್ತಾಯಿತು. ಇಂಥ ಜಮೀನನ್ನು ಮರಳಿ ಕೊಡಿಸುವುದಕ್ಕೇ 1978ರ ಪಿಟಿಸಿಎಲ್ ಕಾಯ್ದೆ ಬಂದದ್ದು. 1984ರಲ್ಲಿ ಮಂಚೇಗೌಡ ಪ್ರಕರಣದಲ್ಲಿ ಸುಪ್ರೀಂ ಕೋರ್ಟು ಅದನ್ನು ಎತ್ತಿ ಹಿಡಿಯಿತು. ಆದರೆ ಆ ಮನೆಗೆ ಕಾಯ್ದೆಯ ಹೆಸರು ತಿಳಿದದ್ದು ಮೊಮ್ಮಗ ಕಾಲೇಜು ಮೆಟ್ಟಿಲು ಹತ್ತಿದ ಮೇಲೆ. ಅಷ್ಟರಲ್ಲಿ, 2017ರ ನೆಕ್ಕಂಟಿ ರಾಮಲಕ್ಷ್ಮಿ ಪ್ರಕರಣದಲ್ಲಿ, ತಕ್ಕ ಕಾಲದೊಳಗೆ ಅರ್ಜಿ ಹಾಕಬೇಕು ಎಂದು ಅದೇ ಕೋರ್ಟು ಹೇಳಿತ್ತು. ತಡವಾಯಿತು ಎಂದು ಅರ್ಜಿ ವಜಾ ಆಯಿತು. ಹೋರಾಟಗಾರರು ಬೀದಿಗಿಳಿದ ಮೇಲೆ 2023ರಲ್ಲಿ ಕಾಲಮಿತಿ ಇಲ್ಲ ಎಂಬ ತಿದ್ದುಪಡಿ ಬಂತು. ಮತ್ತೆ ಅರ್ಜಿ ಹಾಕಿದ್ದಾರೆ.

ಈ ನಡುವೆ 2020ರಲ್ಲಿ ಭೂಸುಧಾರಣೆ ಕಾಯ್ದೆಯ 79ಎ, 79ಬಿ ಕಲಮುಗಳನ್ನು ತೆಗೆದುಹಾಕಿದರು. ಬೇಸಾಯ ಗೊತ್ತಿಲ್ಲದವರೂ ದುಡ್ಡಿದ್ದರೆ ಹೊಲ ಕೊಳ್ಳಬಹುದು ಎಂದಾಯಿತು. ದುಡ್ಡಿದ್ದವರು ನಮ್ಮ ಹಳ್ಳಿಗಳ ಕಡೆ ಎಕರೆಗಟ್ಟಲೆ ತೋಟ ಹುಡುಕುತ್ತಾ ಹೊರಟರು. ನಾವು ಅವರ ಬಡಾವಣೆಯಲ್ಲಿ ನಲವತ್ತು ಚದರಡಿ ಹುಡುಕಿಕೊಂಡೆವು.

ಮುಂಗಾರಿಗೆ ಮುಂಚೆ, ಭರಣಿ ಮಳೆ ಎರಡು ಸಲ ಬಿದ್ದ ಮೇಲೆ, ಅಗೆಯಲು ಶುರು ಮಾಡಿದೆವು. ಮೇಲಿನ ಒಂದು ಗೇಣು ಮಣ್ಣೇ ಅಲ್ಲ. ಗಾರೆ ಚೂರು, ಗಾಜು, ಹಾಲಿನ ಕವರು, ಒಡೆದ ಹೆಂಚು, ಗುಂಡುಸೂಜಿ. ಎಲ್ಲವನ್ನೂ ಜರಡಿ ಹಿಡಿದು ತೆಗೆಯಲು ನಾಲ್ಕು ಭಾನುವಾರ ಹಿಡಿಯಿತು. ಅದರ ಕೆಳಗೆ ಕೆಂಪುಮಣ್ಣು. ಗಟ್ಟಿ, ನೀರು ಹುಯ್ದರೆ ಮೇಲೆ ನಿಲ್ಲುತ್ತದೆ, ಒಣಗಿದರೆ ಇಟ್ಟಿಗೆ. ಅದಕ್ಕೆ ಪಡುವಾರಹಳ್ಳಿಯಲ್ಲಿ ಹಸು ಕಟ್ಟಿದವರ ಹತ್ತಿರ ಹಳೆ ಸಗಣಿ ಗೊಬ್ಬರ ತಂದು ಹಾಕಿದೆವು. ಮೊದಲ ಬೆಳೆಗೆ ಹುರುಳಿ ಚೆಲ್ಲಿದೆವು. ಹೂ ಬರುವ ಹೊತ್ತಿಗೆ ಕಿತ್ತು ಅಲ್ಲೇ ಮಗುಚಿದೆವು. ಪಕ್ಕದ ಮಡಿಯವರು, 'ಅಯ್ಯೋ, ಬೆಳೆದಿದ್ದನ್ನು ಹೂತುಬಿಟ್ರಲ್ಲ' ಎಂದರು. ಬೇರಿನ ಗಂಟಿನಲ್ಲಿ ಸಾರಜನಕ ಇರುತ್ತದೆ ಎಂದು ವಿಜ್ಞಾನದ ಪುಸ್ತಕ ಹೇಳುತ್ತದೆ. ನಮ್ಮ ತಾತಂದಿರು ಪುಸ್ತಕ ಇಲ್ಲದೆ ಇದನ್ನು ಪರರ ಹೊಲಕ್ಕೆ ಮಾಡಿಕೊಟ್ಟಿದ್ದರು.

ಇಲ್ಲಿಂದ ಸ್ವಲ್ಪ ನಡೆದರೆ ಗಂಗೋತ್ರಿಯಲ್ಲಿ ಜಯಲಕ್ಷ್ಮಿ ವಿಲಾಸ ಅರಮನೆ ಇದೆ. 1905ರಲ್ಲಿ ರಾಜಕುಮಾರಿ ಜಯಲಕ್ಷ್ಮಮ್ಮಣ್ಣಿಯವರಿಗೆ ಕಟ್ಟಿಸಿದ್ದು. ವಿಶ್ವವಿದ್ಯಾನಿಲಯ ಅಲ್ಲಿ ಜಾನಪದ ವಸ್ತುಸಂಗ್ರಹಾಲಯ ಮಾಡಿತು. ಹಳ್ಳಿಯ ಸಾಮಾನುಗಳನ್ನು ಅಲ್ಲಿ ಚೀಟಿ ಅಂಟಿಸಿ ಇಟ್ಟರು. ನಮ್ಮ ದುಡಿಮೆಯ ಸಾಮಾನಿಗೆ ಅರಮನೆಯೊಳಗೆ ಜಾಗ ಸಿಕ್ಕಿದ್ದಕ್ಕೆ ನಮಗೆ ಸಂತೋಷವೇ. ಆದರೆ ಆ ದುಡಿಮೆ ಚೀಟಿಯಲ್ಲಿ ಹಿಡಿಸುವಂಥದಲ್ಲ. ಹುರುಳಿ ಯಾವಾಗ ಮಗುಚಬೇಕು ಅನ್ನೋದು ಕೈಯಲ್ಲಿ ಇರುತ್ತದೆ. ಆ ಕೈಗೆ ಮಣ್ಣು ಬೇಕು.

ಎರಡನೇ ಬೆಳೆಗೆ ಮೆಂತ್ಯ, ದಂಟು, ಕೀರೆ ಹಾಕಿದೆವು. ಒಂದು ತುದಿಗೆ ಈರನಗೆರೆ ಬದನೆ ಸಸಿ ನೆಟ್ಟೆವು. ಈರನಗೆರೆ ಈಗ ಮೈಸೂರಿನ ಒಳಗೇ ಸೇರಿಹೋದ ಜಾಗ. ಆ ಕಾಯಿಯ ಹೆಸರಿನಲ್ಲಿ ಮಾತ್ರ ಊರು ಇನ್ನೂ ಉಳಿದಿದೆ. ಮೆಂತ್ಯ ನಾಲ್ಕನೇ ದಿನಕ್ಕೆ ತಲೆ ಎತ್ತಿತು. ಜೊತೆಗೆ ನಾವು ಹಾಕದೇ ಇದ್ದದ್ದೂ ಎದ್ದಿತು. ಅಣ್ಣೆ, ಗಣಿಕೆ, ಹೊನಗೊನೆ, ದೊಡ್ಡಗೋಣಿ. ಇವು ನಮ್ಮ ಬೆರಕೆ ಸೊಪ್ಪು. ಕಳೆ ಕೀಳಲು ಪರರ ಹೊಲಕ್ಕೆ ಹೋದ ಅವ್ವಂದಿರು ಕಿತ್ತ ಕಳೆಯನ್ನೇ ಮಡಿಲಿಗೆ ಕಟ್ಟಿಕೊಂಡು ಬಂದು ಸಾರು ಮಾಡಿ ಮುದ್ದೆಗೆ ಬಡಿಸಿದರು. ಹೊಲದ ಒಡೆಯನಿಗೆ ಅದು ಕಳೆ, ನಮಗೆ ಅದು ಬೆಳೆ. ನಮ್ಮ ಮೂಳೆಯಲ್ಲಿ ಇರುವ ಸುಣ್ಣದಲ್ಲಿ ಅರ್ಧ ಆ ಸೊಪ್ಪಿನದು.

ಒಂದು ಬೆಳಗ್ಗೆ ಹೋಗಿ ನೋಡಿದರೆ ಯಾರೋ ಅವನ್ನೆಲ್ಲ ಕಿತ್ತು ಬದುವಿನ ಮೇಲೆ ಸಾಲಾಗಿ ಇಟ್ಟಿದ್ದರು. 'ಕಳೆ ತುಂಬ್ಕೊಂಡಿತ್ತು, ಕ್ಲೀನ್ ಮಾಡ್ದೆ ಕಣ್ರಪ್ಪ' ಎಂದರು ಪಕ್ಕದ ಮಡಿಯ ಹಿರಿಯರು. ಕೆಟ್ಟ ಮನಸ್ಸಿನಿಂದಲ್ಲ. ನಾವು ಆ ಸೊಪ್ಪನ್ನು ಎತ್ತಿಕೊಂಡು ಹೋಗಿ ಸಾರು ಮಾಡಿ, ಒಂದು ಪಾತ್ರೆ ಅಜ್ಜಿಯ ಮನೆಗೂ ಒಂದು ಪಾತ್ರೆ ಆ ಹಿರಿಯರ ಮನೆಗೂ ಕೊಟ್ಟೆವು. ಅಜ್ಜಿ ಉಂಡರು. ಹಿರಿಯರ ಮನೆಯ ಪಾತ್ರೆ ತೊಳೆದು ಮರಳಿ ಬಂತು. ಒಳಗಿದ್ದದ್ದು ಏನಾಯಿತೋ ನಾವು ಕೇಳಲಿಲ್ಲ. ಎರಡು ವಾರ ಕಳೆದು ಅವರೇ ಬಂದು, 'ಆ ಸೊಪ್ಪಿನ ಹೆಸರೇನು ಅಂದ್ರಿ?' ಎಂದು ಕೇಳಿ ಚೀಟಿಯಲ್ಲಿ ಬರೆದುಕೊಂಡರು. ಆ ಮೇಲೆ ಇನ್ನೊಂದು ಪ್ರಶ್ನೆ: 'ನೀವು ಯಾವ ಕಡೆಯೋರು? ಊರಲ್ಲಿ ನಿಮ್ಮ ಮನೆ ಯಾವ ಬೀದಿಲಿ?' ಈ ಪ್ರಶ್ನೆಯ ಒಳಗೆ ಇರುವ ಪ್ರಶ್ನೆ ನಿಮಗೆ ಗೊತ್ತು. 'ಕೇರೀಲಿ ಸಾರ್' ಎಂದೆವು. ಅವರು ತಲೆಯಾಡಿಸಿದರು. ಸೊಪ್ಪಿನ ಚೀಟಿ ಜೇಬಿನಲ್ಲೇ ಇತ್ತು.

ನಿಜವಾದ ಜಗಳ ಆದದ್ದು ಗೊಬ್ಬರದ ಗುಂಡಿಯ ಹತ್ತಿರ. ಹದಿನೆಂಟು ಮಡಿಗೆ ಒಂದು ಗುಂಡಿ. ಮನೆಮನೆಯ ತರಕಾರಿ ಸಿಪ್ಪೆ, ರಸ್ತೆಯ ಹೊಂಗೆ ಎಲೆ ಎಲ್ಲ ಅದಕ್ಕೇ. ಒಂದು ಪದರ ಹಸಿ, ಎರಡು ಪದರ ಒಣಗಿದ್ದು, ಕೈಯಲ್ಲಿ ಹಿಂಡಿದರೆ ತೇವ ಅಂಟುವಷ್ಟು ನೀರು. ಹತ್ತು ದಿನಕ್ಕೊಮ್ಮೆ ತಿರುವಿ ಹಾಕಬೇಕು. ತಿರುವದಿದ್ದರೆ ಗಾಳಿಯಾಡದೆ ನಾರುತ್ತದೆ, ಹುಳ ಬೀಳುತ್ತದೆ. ತಿರುವಿದರೆ ಒಳಗೆ ಕೈಯಿಡಲಾರದಷ್ಟು ಕಾವು ಹುಟ್ಟಿ, ಮೂರು ತಿಂಗಳಿಗೆ ಕರಿಮಣ್ಣು ಆಗುತ್ತದೆ. ಆಗ ಮೊದಲ ಮಳೆಯ ವಾಸನೆ ಬಿಟ್ಟರೆ ಬೇರೆ ವಾಸನೆ ಇರುವುದಿಲ್ಲ. ಎಲ್ಲರಿಗೂ ಗೊಬ್ಬರ ಬೇಕು. ತಿರುವುವವರು ಯಾರು?

ಭಾನುವಾರದ ಸಭೆಯಲ್ಲಿ ಒಬ್ಬರು ಸಲೀಸಾಗಿ ಹೇಳಿದರು, ರಸ್ತೆ ಗುಡಿಸುವ ಹೆಂಗಸಿಗೆ ತಿಂಗಳಿಗೆ ಇಷ್ಟು ಅಂತ ಕೊಟ್ಟರೆ ಅವಳು ಮಾಡುತ್ತಾಳೆ. ನಾವು ಬೇಡ ಎಂದೆವು. ತೋಟ ಎಲ್ಲರದಾದರೆ ಗುಂಡಿಯೂ ಎಲ್ಲರದು, ಸರದಿ ಹಾಕಿಕೊಳ್ಳೋಣ ಎಂದೆವು. ಆಗ ಬಂದ ಮಾತು ಇದು: 'ಹಾಗಾದ್ರೆ ನೀವೇ ಮಾಡ್ಬಿಡಿ. ನಿಮಗೆ ಅಭ್ಯಾಸ ಇರುತ್ತಲ್ಲ.'

ಸಭೆ ಒಂದು ಗಳಿಗೆ ಸುಮ್ಮನಾಯಿತು. ನಾವು ಕೂಗಾಡಲಿಲ್ಲ. ನಮ್ಮ ರೂಮಿನ ಎಂ.ಎ. ಹುಡುಗ ಎದ್ದು ನಿಂತು, 'ಸಾರ್, ನಾವು ನಿಂತಿರೋ ಈ ಗಲ್ಲಿ ಯಾತಕ್ಕೆ ಮಾಡಿದ್ದು ಗೊತ್ತಾ?' ಎಂದು ಕೇಳಿದ. ಗೊತ್ತಿದ್ದವರು ನೆಲ ನೋಡಿದರು. ಗೊತ್ತಿಲ್ಲದ ಇಬ್ಬರು ಹುಡುಗಿಯರು ಕೇಳಿದರು. ಅವನು ಹೇಳಿದ. ಬಕೆಟ್ಟು, ಹಿಂದಿನ ಬಾಗಿಲು, ಎಲ್ಲ ಹೇಳಿದ. 'ಅದು ಅಭ್ಯಾಸ ಅಲ್ಲ ಸಾರ್, ಬಲವಂತ. ಇದೇ ಗಲ್ಲೀಲಿ ಮತ್ತೆ ಒಬ್ಬರು ಹೊರೋದು, ಹದಿನೇಳು ಜನ ಕುಯ್ಕೊಳ್ಳೋದು ಆಗಬಾರದು' ಎಂದ. ಮಂಡಿನೋವಿನ ಅಜ್ಜಿ ಸನಿಕೆ ಊರಿಕೊಂಡು ಎದ್ದು, 'ಮೊದಲ ಸರದಿ ನಂದು ಬರಕೊಳ್ಳಿ' ಎಂದರು. ಇಬ್ಬರು ಮಡಿ ಬಿಟ್ಟು ಹೋದರು. ಉಳಿದವರು ಸರದಿಗೆ ಬಂದರು. ಕೆಲವರು ಕೈಚೀಲ ತೊಟ್ಟು, ಮೂಗಿಗೆ ಬಟ್ಟೆ ಕಟ್ಟಿ ಬಂದರು. ಮೂರನೇ ಸರದಿಗೆ ಮೂಗಿನ ಬಟ್ಟೆ ಕಳಚಿತ್ತು. ಈಗ ಆ ಗುಂಡಿ ನಾರುವುದಿಲ್ಲ.

ನಮ್ಮ ಅವ್ವನ ಪ್ರಶ್ನೆಗೆ ಉತ್ತರ ಇಲ್ಲೇ ಎಲ್ಲೋ ಇದೆ ಎಂದು ನಮಗೆ ಆಗ ಅನ್ನಿಸಿತು. ಗುದ್ದಲಿ ಹಿಡಿಯುವುದರಲ್ಲಿ ಅವಮಾನ ಇಲ್ಲ. ಒಬ್ಬರೇ ಹಿಡಿಯಬೇಕು, ಹುಟ್ಟಿನಿಂದ ಹಿಡಿಯಬೇಕು, ಹಿಡಿದರೂ ಫಲ ಸಿಕ್ಕಬಾರದು, ಅದರಲ್ಲಿ ಇದೆ.

ನಮ್ಮ ಹಾಗೆ ಇದನ್ನು ಕಂಡುಕೊಂಡವರು ಬೇರೆ ಕಡೆಯೂ ಇದ್ದಾರೆ. ಅಮೆರಿಕದ ಮಿಸಿಸಿಪ್ಪಿಯಲ್ಲಿ ಫ್ಯಾನಿ ಲೂ ಹೇಮರ್ ಎಂಬ ಕಪ್ಪು ಹೆಂಗಸು ಇದ್ದರು. ಪಾಲಿಗೆ ಗೆಯ್ಯುವವರ ಮಗಳು, ಆರನೇ ವಯಸ್ಸಿಗೆ ಹತ್ತಿ ಬಿಡಿಸಲು ಹೋದವರು. 1962ರಲ್ಲಿ ಮತದಾರರ ಪಟ್ಟಿಗೆ ಹೆಸರು ಸೇರಿಸಲು ಹೋದದ್ದಕ್ಕೆ ಜಮೀನಿನ ಒಡೆಯ ಅವರನ್ನು ಮನೆ ಬಿಡಿಸಿದ. ಓಟು ಕೇಳಿದವರ ಹೊಟ್ಟೆಗೆ ಹೊಡೆಯುತ್ತಾರೆ ಎಂಬುದನ್ನು ಕಂಡ ಆಕೆ 1969ರಲ್ಲಿ ಸನ್‌ಫ್ಲವರ್ ಕೌಂಟಿಯಲ್ಲಿ ನಲವತ್ತು ಎಕರೆ ಕೊಂಡು ಫ್ರೀಡಂ ಫಾರ್ಮ್ ಎಂಬ ಸಹಕಾರಿ ಬೇಸಾಯ ಶುರು ಮಾಡಿದರು. ಬಡವರು ತಮ್ಮ ತರಕಾರಿ ತಾವೇ ಬೆಳೆದುಕೊಂಡರು. ಹಂದಿ ಬ್ಯಾಂಕು ಎಂದು ಒಂದು ಮಾಡಿದರು. ಗಬ್ಬದ ಹಂದಿಯನ್ನು ಸಾಕಲು ಕೊಡುವುದು, ಮರಿ ಸಾಕಿದವರಿಗೆ, ತಾಯಿ ಮರಳಿ ಬ್ಯಾಂಕಿಗೆ. ನಮ್ಮಲ್ಲಿ ಪಾಲಿಗೆ ಮೇಕೆ ಸಾಕಿದರೆ ಅರ್ಧ ಒಡೆಯನಿಗೆ ಹೋಗುತ್ತದೆ. ಅಲ್ಲಿ ಆ ಅರ್ಧ ಇನ್ನೊಬ್ಬ ಬಡವನ ಮನೆಗೆ ಹೋಯಿತು. ಆ ಬೇಸಾಯ ಹತ್ತು ವರ್ಷವೂ ಬಾಳಲಿಲ್ಲ. ಆದರೆ ಅನ್ನ ಮತ್ತು ಓಟು ಒಂದೇ ಹೋರಾಟ ಎನ್ನುವುದನ್ನು ಅದು ಮಾಡಿ ತೋರಿಸಿತು.

ನಮ್ಮ ನಲವತ್ತು ಚದರಡಿಯನ್ನು ಆಕೆಯ ನಲವತ್ತು ಎಕರೆಗೆ ಹೋಲಿಸುವುದಿಲ್ಲ. ಕ್ರಾಂತಿ ಮೆಂತ್ಯದ ಕಟ್ಟಿನಲ್ಲಿ ಬರುತ್ತದೆ ಎಂದು ನಂಬುವಷ್ಟು ಮುಗ್ಧರೂ ನಾವಲ್ಲ. ಆದರೆ ಪಟ್ಟಿಯಲ್ಲಿ ಹೆಸರು ಎನ್ನುವುದು ಸಣ್ಣ ವಿಷಯವಲ್ಲ. ತೋಟದ ಗೋಡೆಯ ಮೇಲೆ ಒಂದು ಪಟ್ಟಿ ಇದೆ. ಮಡಿಯ ನಂಬರು, ಮನೆಯ ನಂಬರು, ಹೆಸರು. ನಮ್ಮ ಮಡಿಯ ಎದುರು ಅಜ್ಜಿಯ ಹೆಸರು. ನಮ್ಮ ಅಪ್ಪಂದಿರು ತುಂಬಲಾಗದ ಏಳನೇ ನಮೂನೆಯನ್ನು ನೆನೆದು, ಒಂದು ಹಾಳೆಯಲ್ಲಿ ಬರೆದು ಕೊಟ್ಟೆವು: ಈ ಮಡಿಯನ್ನು ಗೆಯ್ಯುತ್ತಿರುವವರು ನಾವು ಮೂವರು, ನಮ್ಮ ಹೆಸರು ಸೇರಿಸತಕ್ಕದ್ದು. ಅಜ್ಜಿ ಸಾಕ್ಷಿ ಹಾಕಿದರು. ಮನೆ ನಂಬರು ಇಲ್ಲವಲ್ಲ ಎಂದು ಒಂದು ತಕರಾರು ಬಂತು. ಪಡುವಾರಹಳ್ಳಿ ಎಂದು ಬರೆದುಕೊಳ್ಳಿ ಎಂದೆವು. ಕೊನೆಗೆ ಬರೆದರು, ಪೆನ್ಸಿಲ್ಲಿನಲ್ಲಿ.

ರಸ್ತೆ ಗುಡಿಸುವ ಅಕ್ಕ ಇದನ್ನೆಲ್ಲ ದಿನವೂ ನೋಡುತ್ತಿದ್ದಳು. ಒಂದು ದಿನ ಪೊರಕೆ ಗೋಡೆಗೆ ಒರಗಿಸಿ, 'ತಮ್ಮಾ, ಆ ಇಬ್ರು ಬುಟ್ಟೋದ್ರಲ್ಲ, ಆ ಮಡೀಲಿ ಒಂದ್ನ ನಮ್ಗೂ ಕೊಟ್ಟಾರಾ? ಒಂದಷ್ಟು ಸೊಪ್ಪು ಮಾಡ್ಕತೀನಿ' ಎಂದಳು. ನಾವು ಸಭೆಯಲ್ಲಿ ಇಟ್ಟೆವು. ಈ ಕ್ರಾಸಿನ ನಿವಾಸಿಗಳಿಗೆ ಮಾತ್ರ ಎಂಬ ನಿಯಮ ಇದೆಯಂತೆ. ವರ್ಷಗಳಿಂದ ಈ ಕ್ರಾಸನ್ನು ಬೆಳಗಿನ ಜಾವ ಆರಕ್ಕೆ ನೋಡುವವಳು ಅವಳೊಬ್ಬಳೇ. ಮನೆಯವರು ಏಳುವ ಹೊತ್ತಿಗೆ ರಸ್ತೆ ಆಗಲೇ ಚೊಕ್ಕ ಆಗಿರುತ್ತದೆ. ದೇಶದ ಸ್ವಚ್ಛ ನಗರಗಳ ಪಟ್ಟಿಯಲ್ಲಿ 2015ರಲ್ಲೂ 2016ರಲ್ಲೂ ಮೈಸೂರಿಗೆ ಮೊದಲ ಸ್ಥಾನ ಬಂತು. ಬಹುಮಾನ ನಿವಾಸಿಗಳ ಊರಿಗೆ ಬಂತು, ಗುಡಿಸಿದವಳು ನಿವಾಸಿಯಲ್ಲ.

ತೀರ್ಮಾನ ಮುಂದಿನ ಬೆಳೆಗೆ ಹೋಗಿದೆ. ಅಲ್ಲಿಯವರೆಗೆ ನಮ್ಮ ಮಡಿಯ ಅರ್ಧಕ್ಕೆ ಬದು ಹಾಕಿ ಅಕ್ಕನಿಗೆ ಬಿಟ್ಟಿದ್ದೇವೆ. ಅವಳು ಕೊತ್ತಂಬರಿ, ಸಬ್ಬಸಿಗೆ ಹಾಕಿದ್ದಾಳೆ. ಬೀಜವನ್ನು ಬೆರಳ ಸಂದಿಯಿಂದ ಚೆಲ್ಲುವ ರೀತಿ ನೋಡಿದರೆ ನಮ್ಮ ಮೂವರ ಡಿಗ್ರಿಗೂ ನಾಚಿಕೆಯಾಗಬೇಕು. ಆದರೆ ನಾವು ಕೊಟ್ಟ ಅರ್ಧ ದಾನವಾಗಿ ಉಳಿಯಬಾರದು. ಅವಳ ಹೆಸರು ಪಟ್ಟಿಯಲ್ಲಿ ಬರಬೇಕು, ಅದೂ ಮಸಿಯಲ್ಲಿ. ಗೊಬ್ಬರದ ಸರದಿಯಲ್ಲಿ ಹದಿನೆಂಟರಲ್ಲಿ ಒಂದು ಪಾಲು ಅವಳದಾಗಬೇಕು. ಒಂದಕ್ಕಿಂತ ಹೆಚ್ಚು ಆಗಬಾರದು.

ಹಳ್ಳಿ ಶಾಲೆಗಳಲ್ಲಿ ಪಾಠ ಹೇಳುವ ಗೆಳೆಯರೆ, ಇದನ್ನು ಮುಖ್ಯವಾಗಿ ನಿಮಗೆ ಬರೆಯುತ್ತಿದ್ದೇವೆ. ನಿಮ್ಮ ಶಾಲೆಗಳಲ್ಲಿ ಕೈತೋಟ ಇರುತ್ತದೆ. ಅಲ್ಲಿ ಗುಂಡಿ ತೋಡುವ ಮಕ್ಕಳು ಯಾವ ಕೇರಿಯವರು, ಹೂ ಕಿತ್ತು ಸರಸ್ವತಿ ಫೋಟೋಕ್ಕೆ ಏರಿಸುವ ಮಕ್ಕಳು ಯಾವ ಬೀದಿಯವರು, ಒಮ್ಮೆ ಎಣಿಸಿ ನೋಡಿ. 2023ರ ಡಿಸೆಂಬರಿನಲ್ಲಿ ಮಾಲೂರು ತಾಲೂಕಿನ ಒಂದು ವಸತಿ ಶಾಲೆಯಲ್ಲಿ ದಲಿತ ಮಕ್ಕ‍ಳನ್ನು ಮಲದ ಗುಂಡಿಗೆ ಇಳಿಸಿದ ಸುದ್ದಿ ನೀವೂ ಓದಿದ್ದೀರಿ. ಅದು ಒಂದೇ ದಿನದಲ್ಲಿ ಆದದ್ದಲ್ಲ. 'ಲೇ, ನೀನು ಹೋಗೋ, ನಿನಗೆ ಅಭ್ಯಾಸ ಇದೆ' ಎನ್ನುವ ಮಾತಿನಿಂದ ಅದು ಶುರುವಾಗುತ್ತದೆ. ಹಾಜರಿ ಪುಸ್ತಕದ ಕ್ರಮದಲ್ಲಿ ಸರದಿ ಹಾಕಿ. ಎಲ್ಲ ಮಕ್ಕಳಿಗೂ ಒಂದೊಂದು ಮೊಳ ಮಡಿ ಕೊಡಿ, ಕಡ್ಡಿಗೆ ಹೆಸರು ಬರೆದು ನೆಡಿ. ಬೆಳೆದದ್ದು ಬಿಸಿಯೂಟದ ಸಾರಿಗೆ ಬೀಳಲಿ. ತನ್ನ ಹೆಸರಿನ ಕಡ್ಡಿ ನೆಟ್ಟ ನೆಲವನ್ನು ಒಮ್ಮೆ ಕಂಡ ಮಗು, ದೊಡ್ಡವನಾದ ಮೇಲೆ ತಾತನ ದರಖಾಸ್ತು ಜಮೀನು ಎಲ್ಲಿ ಹೋಯಿತು ಎಂದು ಕೇಳದೆ ಬಿಡುವುದಿಲ್ಲ.